ಕಿರುಗುರಾಣಿಯಿಂದ ಹಿರಿಗುರಾಣಿಗೆ

ಹಳಗನ್ನಡ ಕಾವ್ಯಗಳ ಯುದ್ಧಪ್ರಸಂಗಗಳನ್ನು ಪಾಠ ಹೇಳುವವರಿಗೆ ಆಯುಧಗಳ ಹೆಸರೆಲ್ಲ ಬಾಯಿಪಾಠ. ಆಯುಧಗಳ ಪರಿಚಯ ಮಾತ್ರ ಸೊನ್ನೆ. ‘ಹರಿಗೆ’ ಎಂದರೆ ಗುರಾಣಿ, ‘ಖೇಟಕ’ ಎಂದರೂ ಗುರಾಣಿಯೇ ಎಂದು ಅರ್ಥ ಹೇಳಿ ಮುಂದಿನ ಪದ್ಯಕ್ಕೆ ದಾಟುವುದು ನನ್ನ ಹದಿನೆಂಟು ವರ್ಷಗಳ ಅಭ್ಯಾಸ. ಎರಡು ವರ್ಷದ ಕೆಳಗೆ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತು, “ಅದನ್ನು ಹಿಡಿದುಕೊಂಡು ಏನು ಮಾಡುತ್ತಿದ್ದರು, ಸರ್?” ಎಂದು ಕೇಳಿದಳು. “ಏಟು ತಡೆಯುತ್ತಿದ್ದರಮ್ಮ, ಗೋಡೆಯಿದ್ದ ಹಾಗೆ” ಎಂದೆ. ತರಗತಿ ನಕ್ಕಿತು, ಗಂಟೆ ಹೊಡೆಯಿತು. ಆದರೆ ಆ ಉತ್ತರ ನನಗೇ ಒಗ್ಗಲಿಲ್ಲ. ಗೋಡೆಯನ್ನು ಯಾರೂ ಕೈಯಲ್ಲಿ ಹಿಡಿದು ಓಡಾಡುವುದಿಲ್ಲವಷ್ಟೆ.

ಈ ಮುಜುಗರವೇ ನನ್ನನ್ನು ನನ್ನದಲ್ಲದ ಒಂದು ವಿಷಯದೊಳಕ್ಕೆ ನೂಕಿತು. ಯೂರೋಪಿನಲ್ಲಿ, ಹಳೆಯ ಕತ್ತಿವರಸೆಯನ್ನು ಹಸ್ತಪ್ರತಿಗಳಿಂದ ಓದಿ, ಅಂಗಳಕ್ಕಿಳಿದು ಮಾಡಿ ನೋಡುವ ಜನರ ಒಂದು ಪಂಗಡವೇ ಕೆಲವು ದಶಕಗಳಿಂದ ಬೆಳೆದು ಬಂದಿದೆ. ಅವರ ಕೆಲಸ ಗರಡಿಯ ಕೆಲಸವೂ ಹೌದು, ಗ್ರಂಥಸಂಪಾದನೆಯ ಕೆಲಸವೂ ಹೌದು. ಎರಡನೆಯದು ನನಗೆ ಬಲ್ಲ ವಿದ್ಯೆಯಾದ್ದರಿಂದ ಅವರ ಬರಹಗಳನ್ನು ಓದುವ ಧೈರ್ಯ ಬಂತು.

ಅವರಿಗೆಲ್ಲ ಮೂಲಸ್ತಂಭದಂತಿರುವುದು ಒಂದು ಹಸ್ತಪ್ರತಿ. ಇಂಗ್ಲೆಂಡಿನ ಲೀಡ್ಸ್ ನಗರದ ರಾಜಾಯುಧಶಾಲೆಯಲ್ಲಿ ಈಗ ಇರುವ ಅದಕ್ಕೆ ‘ಐ.33’ ಎಂಬ ನೀರಸವಾದ ಹೆಸರು. ಸುಮಾರು 1300ರ ಆಸುಪಾಸಿನದು. ಚರ್ಮದ ಮೂವತ್ತೆರಡು ಎಲೆಗಳು. ಲ್ಯಾಟಿನ್ ಭಾಷೆ, ನಡುನಡುವೆ ವರಸೆಗಳ ಹೆಸರು ಬಂದಾಗ ಜರ್ಮನ್. ಯೂರೋಪಿನಲ್ಲಿ ಉಳಿದುಬಂದಿರುವ ಕತ್ತಿವರಸೆಯ ಪುಸ್ತಕಗಳಲ್ಲಿ ಇದೇ ಅತ್ಯಂತ ಹಳೆಯದು. ಇದರಲ್ಲಿ ಗುರುವಾಗಿ ನಿಂತಿರುವವನು ಯೋಧನಲ್ಲ, ತಲೆ ಬೋಳಿಸಿದ ಒಬ್ಬ ಪಾದ್ರಿ! ಅವನ ಎದುರಿಗೆ ಒಬ್ಬ ಶಿಷ್ಯ. ಕೊನೆಯ ಪುಟಗಳಲ್ಲಿ ಶಿಷ್ಯನ ಜಾಗಕ್ಕೆ ವಾಲ್ಪುರ್ಗಿಸ್ ಎಂಬ ಹೆಂಗಸು ಬಂದು ಕತ್ತಿ ಹಿಡಿಯುತ್ತಾಳೆ. ಜರ್ಮನಿಯ ಫ್ರಾಂಕೋನಿಯ ಪ್ರಾಂತದ ಮಠವೊಂದರಲ್ಲಿದ್ದ ಈ ಪ್ರತಿ ಹದಿನಾರನೆಯ ಶತಮಾನದ ಯುದ್ಧವೊಂದರಲ್ಲಿ ಸೈನಿಕರ ಕೈಸೇರಿ, ಆಮೇಲೆ ಗೋಥಾದ ಗ್ರಂಥಭಂಡಾರ ಸೇರಿತು. ಎರಡನೆಯ ಮಹಾಯುದ್ಧದ ಗೊಂದಲದಲ್ಲಿ ಅಲ್ಲಿಂದಲೂ ಕಣ್ಮರೆಯಾಗಿ 1950ರಲ್ಲಿ ಲಂಡನ್ನಿನ ಹರಾಜಿನಲ್ಲಿ ತಲೆಯೆತ್ತಿತು. ನಡುವಣ ಕೆಲವು ಎಲೆಗಳು ಲುಪ್ತ. ನಮ್ಮ ಓಲೆಗರಿಗಳ ಪಾಡನ್ನು ಕಂಡವರಿಗೆ ಈ ಕಥೆ ಹೊಸದಲ್ಲ.

ಪುಸ್ತಕ ಕಲಿಸುವುದು ಒಂದು ಕೈಯ ಕತ್ತಿ, ಮತ್ತೊಂದು ಕೈಯ ಕಿರುಗುರಾಣಿ. ‘ಬಕ್ಲರ್’ ಎಂದು ಅದರ ಹೆಸರು; ಅಡ್ಡಳತೆ ಸುಮಾರು ಒಂದು ಅಡಿ. ಮಧ್ಯದಲ್ಲಿ ಒಂದೇ ಒಂದು ಹಿಡಿ, ಅದನ್ನು ಮುಷ್ಟಿಯಲ್ಲಿ ಹಿಡಿಯಬೇಕು. ಇಷ್ಟು ಚಿಕ್ಕ ತಟ್ಟೆ ಮೈಯನ್ನು ಮುಚ್ಚಲಾರದು. ಅದರ ಕೆಲಸವೇ ಬೇರೆ. ಕತ್ತಿ ಹಿಡಿದ ಕೈ ಮುಂದೆ ಚಾಚಿದಾಗ ಅದರ ಜೊತೆಯಲ್ಲೇ ಹೋಗಿ ಆ ಕೈಯನ್ನು ಕಾಯುವುದು ಮೊದಲನೆಯದು. ಎರಡನೆಯದು ಇನ್ನೂ ಸೊಗಸು. ಇಬ್ಬರ ಕತ್ತಿಗಳೂ ಒಂದನ್ನೊಂದು ಒತ್ತಿ ನಿಲ್ಲುತ್ತವೆ. ಪುಸ್ತಕ ಇದನ್ನು ‘ಬಂಧ’ ಎಂಬರ್ಥದ ಮಾತಿನಿಂದ ಕರೆಯುತ್ತದೆ. ಆ ಬಂಧದಿಂದ ಗುರಾಣಿಯನ್ನು ಮುಂದಕ್ಕೆ ನೂಕಿ, ಎದುರಾಳಿಯ ಎರಡೂ ಕೈಗಳನ್ನು ಒಟ್ಟಿಗೆ ಅದುಮಿ ಹಿಡಿದು, ತನ್ನ ಕತ್ತಿಯನ್ನು ಬಿಡಿಸಿಕೊಂಡು ಹೊಡೆಯುವುದು. ಎಂದರೆ ಇಲ್ಲಿ ಗುರಾಣಿ ಕಾಯುವ ವಸ್ತು ಮಾತ್ರವಲ್ಲ, ಎದುರಾಳಿಯನ್ನು ಕಟ್ಟಿಹಾಕುವ ವಸ್ತು. ‘ಗೋಡೆ’ ಎಂಬ ನನ್ನ ಉಪಮೆ ಈ ಪುಟದಲ್ಲೇ ಕುಸಿಯಿತು.

ನಾನು ಹೇಳಹೊರಟ ಪ್ರಶ್ನೆ ಇರುವುದು ಇನ್ನೂ ಹಿಂದೆ. ಐ.33 ಹುಟ್ಟುವುದಕ್ಕೆ ನಾಲ್ಕು ಶತಮಾನ ಮೊದಲು ಉತ್ತರ ಯೂರೋಪಿನ ವೈಕಿಂಗರು ದೊಡ್ಡ ದುಂಡು ಗುರಾಣಿ ಹಿಡಿದು ಕಾದುತ್ತಿದ್ದರು. ಅವರು ಗುರಾಣಿಗಳನ್ನು ಬಿಟ್ಟುಹೋದರು, ವರಸೆಯ ಪುಸ್ತಕವನ್ನು ಬಿಟ್ಟುಹೋಗಲಿಲ್ಲ. ನಾರ್ವೆಯ ಗೋಕ್‌ಸ್ಟಾಡ್ ಎಂಬಲ್ಲಿ 1880ರಲ್ಲಿ ಅಗೆದು ತೆಗೆದ ಸಮಾಧಿನೌಕೆಯ ಇಕ್ಕೆಲಗಳಲ್ಲಿ ಮೂವತ್ತೆರಡು ಮೂವತ್ತೆರಡರಂತೆ ಅರವತ್ತುನಾಲ್ಕು ಗುರಾಣಿಗಳನ್ನು ಸಾಲಾಗಿ ತೂಗುಹಾಕಿದ್ದರು. ಒಂದು ಹಳದಿ, ಒಂದು ಕಪ್ಪು. ಅಡ್ಡಳತೆ ಸುಮಾರು 94 ಸೆಂಟಿಮೀಟರು. ಪೈನ್ ಮರದ ಹಲಗೆಗಳು. ದಪ್ಪ ಒಂದು ಸೆಂಟಿಮೀಟರಿಗಿಂತಲೂ ಕಡಮೆ. ನಡುವೆ ಒಂದು ತೂತು, ಅದರ ಮೇಲೆ ಕಬ್ಬಿಣದ ಬಟ್ಟಲಿನಂಥ ಉಬ್ಬು, ಹಿಂಬದಿ ಅಡ್ಡಲಾಗಿ ಮರದ ಒಂದು ಹಿಡಿ. ಡೆನ್ಮಾರ್ಕಿನ ಟ್ರೆಲ್ಲೆಬೋರ್ಗ್‌ನಲ್ಲಿ 2008ರಲ್ಲಿ ದೊರೆತ ಗುರಾಣಿಯೂ ಇದೇ ಜಾತಿಯದು.

ಗಾತ್ರ ಬೇರೆ, ಕಾಲ ಬೇರೆ. ಆದರೆ ಹಿಡಿಯುವ ಕ್ರಮ ಒಂದೇ. ತೋಳಿಗೆ ಪಟ್ಟಿ ಕಟ್ಟಿಕೊಳ್ಳುವ ಗುರಾಣಿಯಲ್ಲ ಇದು, ಮುಷ್ಟಿಯಲ್ಲಿ ಹಿಡಿದದ್ದು. ಹಾಗಾದರೆ ಚಿಕ್ಕ ಗುರಾಣಿಯ ಪುಸ್ತಕದಿಂದ ದೊಡ್ಡ ಗುರಾಣಿಯ ಮೌನವನ್ನು ಓದಬಹುದೇ? ಜರ್ಮನಿಯ ರೋಲಂಡ್ ವಾರ್ಜೆಖಾ ಎಂಬುವರು ಮರುನಿರ್ಮಿಸಿದ ಆಯುಧಗಳನ್ನು ಹಿಡಿದು ಬಹುಕಾಲದಿಂದ ಈ ಪ್ರಯೋಗದಲ್ಲಿ ತೊಡಗಿದ್ದಾರೆ. ಸ್ಟೀಫನ್ ಹ್ಯಾಂಡ್ ಮತ್ತು ಪಾಲ್ ವ್ಯಾಗ್ನರ್ ಎಂಬಿಬ್ಬರು ಅದಕ್ಕೆ ಹಿಂದೆಯೇ ಇನ್ನೊಂದು ದಾರಿ ಹಿಡಿದಿದ್ದರು: ಹದಿನೈದನೆಯ ಶತಮಾನದ ಟಾಲ್‌ಹೋಫರನ ಪುಸ್ತಕದಲ್ಲಿ ಆಳೆತ್ತರದ ದ್ವಂದ್ವಗುರಾಣಿಗಳ ಚಿತ್ರಗಳಿವೆ, ಅವುಗಳಿಂದ ಹಿಂದಕ್ಕೆ ನಡೆದು ಬಂದರು. ಒಬ್ಬರು ಚಿಕ್ಕದರಿಂದ ದೊಡ್ಡದಕ್ಕೆ, ಇನ್ನಿಬ್ಬರು ಬಲು ದೊಡ್ಡದರಿಂದ ಅದಕ್ಕಿಂತ ಚಿಕ್ಕದಕ್ಕೆ. ಇಬ್ಬರಿಗೂ ಕಂಡದ್ದು ಮಾತ್ರ ಒಂದೇ: ಗುರಾಣಿ ಸುಮ್ಮನೆ ನಿಲ್ಲುವುದಿಲ್ಲ.

ಓದಿದ್ದನ್ನು ಕೈಯಿಂದ ತಿಳಿಯಬೇಕೆಂಬ ಹುಚ್ಚು ನನಗೆ ಹತ್ತಿದ್ದು ಆಗಲೇ. ನಮ್ಮ ಮನೆಯ ಅಟ್ಟದಲ್ಲಿ ಮದುವೆ ಮುಂಜಿಗಳಿಗೆಂದು ಇಟ್ಟಿರುವ ಕೊಪ್ಪರಿಗೆಯೊಂದಿದೆ. ಅದರ ಮುಚ್ಚಳ ಸುಮಾರು ಎರಡು ಮೊಳ ಅಗಲ, ನಡುವೆ ಒಂದೇ ಹಿಡಿ. ಗೋಕ್‌ಸ್ಟಾಡಿನ ಅಳತೆಗೆ ಇದಕ್ಕಿಂತ ಹತ್ತಿರದ ವಸ್ತು ನಮ್ಮ ಊರಿನಲ್ಲಿ ಸಿಕ್ಕುವುದಿಲ್ಲ. ಕಿರುಗುರಾಣಿಯ ಪಾತ್ರಕ್ಕೆ ಅನ್ನದ ಪಾತ್ರೆಯ ಮುಚ್ಚಳ, ಕತ್ತಿಗಳಿಗೆ ಎರಡು ಬೆತ್ತ, ಎದುರಾಳಿಗೆ ರಜೆಗೆ ಬಂದಿದ್ದ ಅಕ್ಕನ ಮಗ. “ಮುಚ್ಚಳ ನೆಗ್ಗಿದರೆ ಮುಂದಿನ ಮದುವೆಗೆ ನೀವೇ ಹೊಣೆ” ಎಂದು ಮನೆಯಾಕೆ ಹಿತ್ತಿಲ ಬಾಗಿಲಲ್ಲಿ ನಿಂತು ಹೇಳಿದಳು.

ಮೊದಲು ಚಿಕ್ಕ ಮುಚ್ಚಳ. ಅದರ ಅಂಚಿಗೆ ಹುಡುಗ ಎಷ್ಟು ತಳ್ಳಿದರೂ ನನ್ನ ಮಣಿಕಟ್ಟು ತಾಳಿಕೊಂಡಿತು. ಆಮೇಲೆ ದೊಡ್ಡದನ್ನು ಗೋಡೆಯಂತೆ ಮೈಗೆ ಅಡ್ಡ ಹಿಡಿದೆ. ಅವನು ಎಡ ಅಂಚನ್ನು ಬೆತ್ತದ ತುದಿಯಿಂದ ಒಮ್ಮೆ ನೂಕಿದ್ದೇ ತಡ, ಮುಚ್ಚಳ ಬಾಗಿಲಿನಂತೆ ಗಿರ್ರನೆ ತಿರುಗಿ, ಬಲ ಅಂಚು ನನ್ನ ಬೆತ್ತವಿದ್ದ ಕೈಗೆ ಬಡಿಯಿತು. ನನ್ನ ಗುರಾಣಿಯೇ ನನ್ನ ಕತ್ತಿಯನ್ನು ಮುಚ್ಚಿತು! ಲೆಕ್ಕ ಸುಲಭ: ಹಿಡಿಯಿಂದ ಅಂಚಿಗೆ ಚಿಕ್ಕದರಲ್ಲಿ ಹದಿನೈದು ಸೆಂಟಿಮೀಟರು, ದೊಡ್ಡದರಲ್ಲಿ ನಲವತ್ತೈದು. ಸನ್ನೆ ಮೂರು ಪಟ್ಟು ಉದ್ದವಾದರೆ ಅಷ್ಟೇ ಬಲ ಮೂರು ಪಟ್ಟು ತಿರುಚುತ್ತದೆ. ಯಾವ ಮಣಿಕಟ್ಟೂ ಅದನ್ನು ಬಹುಕಾಲ ತಡೆಯಲಾರದು. ವೈಕಿಂಗನ ಮಣಿಕಟ್ಟು ನನ್ನದಕ್ಕಿಂತ ಗಟ್ಟಿಯಿದ್ದೀತು. ಆದರೆ ಅವನ ಎದುರಿಗಿದ್ದವನೂ ವೈಕಿಂಗನೇ ಅಲ್ಲವೆ?

ಇಲ್ಲಿ ಐ.33 ನೆರವಿಗೆ ಬರುತ್ತದೆ. ಅದರ ಪಾದ್ರಿ ಗುರಾಣಿಯನ್ನು ಮೈಗೆ ಆನಿಸಿಕೊಳ್ಳದೆ ಮುಂದಕ್ಕೆ ಚಾಚುತ್ತಾನೆ. ದೊಡ್ಡದನ್ನೂ ಹಾಗೆಯೇ ಚಾಚಿ, ಮುಖವನ್ನಲ್ಲ, ಅಂಚನ್ನು ಎದುರಾಳಿಯ ಕಡೆಗೆ ತಿರುಗಿಸಿ, ಅರ್ಧ ತೆರೆದ ಕದದ ಹಾಗೆ ಹಿಡಿದರೆ ಅವನಿಗೆ ನೂಕಲು ಮೇಲ್ಮೈ ಸಿಕ್ಕುವುದಿಲ್ಲ. ಬದಲಿಗೆ ನನ್ನ ಅಂಚು ಅವನ ಗುರಾಣಿಯ ಅಂಚನ್ನು ಹುಡುಕಿ ಹೋಗುತ್ತದೆ. ಕಿರುಗುರಾಣಿಯವರಲ್ಲಿ ಕತ್ತಿಗೆ ಕತ್ತಿ ಬಂಧವಾದರೆ ಇಲ್ಲಿ ಗುರಾಣಿಗೆ ಗುರಾಣಿಯೇ ಬಂಧ. ಅವನ ಗುರಾಣಿಯನ್ನು ಒತ್ತಿ ಅವನ ಕತ್ತಿಗೈಯ ಮೇಲೆ ಮುಚ್ಚಿದರೆ, ಆ ಕ್ಷಣಕ್ಕೆ ನನ್ನ ಕತ್ತಿ ಸ್ವತಂತ್ರ. ಚಿಕ್ಕ ತಟ್ಟೆ ಎದುರಾಳಿಯ ಕೈಯನ್ನು ಅದುಮಿ ಮಾಡುತ್ತಿದ್ದ ಕೆಲಸವನ್ನು ದೊಡ್ಡದು ಅವನ ಗುರಾಣಿಯಿಂದಲೇ ಮಾಡಿಸುತ್ತದೆ.

ಆದರೆ ಎಲ್ಲವೂ ಹೀಗೆ ನೇರವಾಗಿ ದಾಟಿಬರುವುದಿಲ್ಲ. ಪಾದ್ರಿಯ ಏಳು ನಿಲುವುಗಳಲ್ಲಿ ಮೊದಲನೆಯದು ಕತ್ತಿಯನ್ನು ಎಡಗೈಯ ಕೆಳಗೆ ಹಿಂದಕ್ಕೆ ಇಟ್ಟು ನಿಲ್ಲುವುದು. ಮುಚ್ಚಳವನ್ನು ಅಡ್ಡ ಹಿಡಿದಾಗ ನನ್ನ ಬೆತ್ತ ಅದರ ಅಂಚಿಗೆ ಸಿಕ್ಕಿ ಹೊರಗೆ ಬರಲಿಲ್ಲ; ಅಂಚನ್ನು ಮುಂದೆ ಮಾಡಿದಾಗ ಮಾತ್ರ ಬಂತು. ಕಿರುಗುರಾಣಿ ಕತ್ತಿಗೈಯ ಜೊತೆಯಲ್ಲೇ ಹೋಗಿ ಅದನ್ನು ಕಾಯುತ್ತದೆಯೆಂದೆನಲ್ಲ, ದೊಡ್ಡದು ಹಾಗೆ ಎಲ್ಲ ಕಡೆಗೂ ಹೋಗಲಾರದು: ಕಣ್ಣಿಗೆ ಮರೆಯಾಗುತ್ತದೆ, ತೋಳು ಸೋಲುತ್ತದೆ. ಹತ್ತು ನಿಮಿಷಕ್ಕೆ ನನ್ನ ಭುಜ ನಡುಗತೊಡಗಿತು. ಕೊಪ್ಪರಿಗೆಯ ಮುಚ್ಚಳ ಲೋಹದ್ದು, ಗೋಕ್‌ಸ್ಟಾಡಿನದು ತೆಳು ಮರದ್ದು ಎಂದು ಸಮಾಧಾನ ಹೇಳಿಕೊಂಡೆ. ಆ ತೆಳುವಿಗೂ ಅರ್ಥವಿದೆಯೆನ್ನಿಸಿತು. ಭಾರವಾದುದನ್ನು ಚಾಚಿ ಹಿಡಿಯಲಾಗದು, ತೆಳುವಾದುದು ಒಡೆಯುತ್ತದೆ. ಹದಿಮೂರನೆಯ ಶತಮಾನದಲ್ಲಿ ಬರೆದ ಐಸ್‌ಲೆಂಡಿನ ‘ಕೊರ್ಮಾಕನ ಸಾಗ’ದಲ್ಲಿ ದ್ವಂದ್ವಯುದ್ಧದ ನಿಯಮವೊಂದಿದೆ: ಒಬ್ಬೊಬ್ಬನಿಗೆ ಮೂರು ಮೂರು ಗುರಾಣಿಗಳು, ಅವು ಪುಡಿಯಾದ ಮೇಲೆ ಆಯುಧದಿಂದಲೇ ಕಾದುಕೊಳ್ಳಬೇಕು. ಗುರಾಣಿ ಒಡೆಯುವುದು ಅವರಿಗೆ ಅಪಘಾತವಲ್ಲ, ಲೆಕ್ಕಕ್ಕೆ ಸೇರಿದ್ದು.

ಇಷ್ಟೆಲ್ಲ ಒಪ್ಪಿದರೂ ಇದು ಊಹೆ. ಗ್ರಂಥಸಂಪಾದಕ ಲುಪ್ತವಾದ ಅಕ್ಷರವನ್ನು ತುಂಬುವಾಗ ಅದನ್ನು ಕಂಸದೊಳಗಿಡುತ್ತಾನೆ. ಛಂದಸ್ಸಿಗೆ ಹೊಂದುತ್ತದೆ, ಅರ್ಥಕ್ಕೆ ಹೊಂದುತ್ತದೆ, ಆದರೂ ಕಂಸ ತೆಗೆಯುವುದಿಲ್ಲ. ದೊಡ್ಡ ಗುರಾಣಿಯ ಈ ವರಸೆಯೂ ಕಂಸದೊಳಗಿನ ಪಾಠ. ಪಾದ್ರಿ ಕಲಿಸಿದ್ದು ಇಬ್ಬರ ನಡುವಿನ ಕಾಳಗ. ವೈಕಿಂಗರು ಸಾಲುಗಟ್ಟಿಯೂ ಹೋರಾಡಿದವರು. ಪಕ್ಕದವನ ಮೈ ತಾಗುವ ಸಾಲಿನಲ್ಲಿ ಕದ ತೆರೆಯಲು ಎಡೆ ಎಷ್ಟು? ವಸ್ತುವಿನ ಸಾಕ್ಷ್ಯವನ್ನೂ ಮತ್ತೆ ಮತ್ತೆ ಓದಬೇಕಾಗುತ್ತದೆ. ಗೋಕ್‌ಸ್ಟಾಡಿನ ಗುರಾಣಿಗಳು ಬರಿಯ ಅಲಂಕಾರಕ್ಕೆ ಮಾಡಿದವು ಎಂಬ ನಂಬಿಕೆ ಬಹುಕಾಲದಿಂದ ಇತ್ತು. ಪ್ರಾಕ್ತನಜ್ಞ ರೋಲ್ಫ್ ವಾರ್ಮಿಂಗ್ ಅವನ್ನು ಹೊಸದಾಗಿ ಪರೀಕ್ಷಿಸಿ 2023ರಲ್ಲಿ ಅದನ್ನು ಪ್ರಶ್ನಿಸಿದರು. ಅಂಗಳದ ಪ್ರಯೋಗ ಹಲಗೆಯ ಸಾಕ್ಷ್ಯಕ್ಕೆ ತಲೆಬಾಗಲೇಬೇಕು. ಹಾಗೆಂದು ಪ್ರಯೋಗವನ್ನೇ ಹುಡುಗಾಟವೆಂದು ತಳ್ಳುವ ಪಂಡಿತರ ಮಾತನ್ನು ನಾನು ಒಪ್ಪಲಾರೆ. ಮುಚ್ಚಳ ತಿರುಗಿ ಕೈಗೆ ಬಡಿದಾಗ ತಿಳಿದದ್ದು ನನಗೆ ಹದಿನೆಂಟು ವರ್ಷಗಳ ನಿಘಂಟಿನಲ್ಲಿ ತಿಳಿದಿರಲಿಲ್ಲ.

ಇದನ್ನೇ ನಮ್ಮ ವೀರಗಲ್ಲುಗಳಿಗೆ ಹಚ್ಚುವ ಆಸೆ ನನಗೂ ಆಯಿತೆಂದು ಒಪ್ಪಿಕೊಳ್ಳಬೇಕು. ಆದರೆ ನಮ್ಮ ದೇಶದ ‘ಢಾಲು’ಗಳಲ್ಲಿ ಸಾಮಾನ್ಯವಾಗಿ ನಾಲ್ಕು ಉಬ್ಬುಗಳಿದ್ದು, ಅವುಗಳ ಹಿಂದಣ ಬಳೆಗಳಿಗೆ ಎರಡು ಹಿಡಿಗಳು ಸೇರಿರುತ್ತವೆ, ಬೆರಳಗೆಣ್ಣುಗಳಿಗೆ ಒಂದು ಮೆತ್ತೆಯಿರುತ್ತದೆ. ಅದು ಬೇರೆ ಸನ್ನೆ, ಬೇರೆ ಲೆಕ್ಕ. ಕೇರಳದ ಕಳರಿಯಲ್ಲಿ ಕತ್ತಿ ಗುರಾಣಿಯ ವರಸೆ ಇಂದಿಗೂ ಗುರುಮುಖದಿಂದ ಬರುತ್ತಿದೆ. ಅಲ್ಲಿ ಗುರಾಣಿಗೆ ‘ಪರಿಚ’ ಎನ್ನುತ್ತಾರೆ. ಆ ಪದ ನಮ್ಮ ‘ಹರಿಗೆ’ಗೆ ನೆಂಟನಂತೆ ಕಿವಿಗೆ ಕೇಳುತ್ತದೆ. ನಮ್ಮ ಊಹೆ ಹೊರಡುವುದಾದರೆ ವೈಕಿಂಗನ ಹಡಗಿನಿಂದಲ್ಲ, ಆ ಮನೆಯಿಂದ ಹೊರಡಬೇಕು.

ಕಳೆದ ಶ್ರಾವಣದಲ್ಲಿ ಆ ವಿದ್ಯಾರ್ಥಿನಿಯೂ ಅವಳ ತರಗತಿಯವರೂ ನನ್ನೊಡನೆ ಊರಾಚೆಯ ಕೆರೆಯ ಏರಿಗೆ ಬಂದಿದ್ದರು. ಅಲ್ಲಿ ಅರ್ಧ ಹೂತ ಒಂದು ವೀರಗಲ್ಲಿದೆ. ನಾನು ತಂದಿದ್ದ ಎರಡು ಮುಚ್ಚಳಗಳಿಂದ ಪಾಠ ನಡೆಯಿತು. ಗೋಡೆಯ ಮಾತನ್ನು ಹಿಂತೆಗೆದುಕೊಂಡೆ. ಅವಳು ಕಲ್ಲಿನ ಮುಂದೆ ಕುಳಿತು ವೀರನ ಗುರಾಣಿಯ ಮೇಲಣ ಪಾಚಿಯನ್ನು ಬೆರಳಿನಿಂದ ಉಜ್ಜಿ ಬಹಳ ಹೊತ್ತು ನೋಡಿದಳು. “ಇದಕ್ಕೆ ಹಿಡಿ ಒಂದೋ ಎರಡೋ, ಸರ್?” ಎಂದಳು. ಶಿಲ್ಪಿ ಕಡೆದಿದ್ದುದು ಗುರಾಣಿಯ ಹೊರಮೈಯನ್ನು. ಕೈ ಅದರ ಹಿಂದೆ ಕಲ್ಲಿನೊಳಗೇ ಇತ್ತು.