ಮೂರು ಗ್ರಾಂ ತೂಕದ ಅತಿಥಿ

ನ್ಯೂಜೆರ್ಸಿಯಲ್ಲಿ ಚಳಿಯ ಬಿಗಿತವು ಇನ್ನೂ ಸಡಿಲದಿದ್ದ ಏಪ್ರಿಲ್ ಕೊನೆಯ ಒಂದು ಮುಂಜಾವಿನಲ್ಲಿ, ಮಗಳ ಮನೆಯ ಹಿತ್ತಿಲ ಮೆಟ್ಟಿಲ ಮೇಲೆ ಕಾಫಿಯ ಲೋಟವನ್ನು ಹಿಡಿದು ಕುಳಿತಿದ್ದ ನಾನು, ಕಿವಿಯ ಬಳಿ ದುಂಬಿಯೊಂದು ಮೊರೆದಂತಾಗಲು, ಅದನ್ನು ಓಡಿಸಲೆಂದು ಎತ್ತಿದ ಕೈಯನ್ನು ಹಾಗೆಯೇ ತಡೆದು ನಿಲ್ಲಿಸಿದೆನು. ಎದುರಿಗೆ, ಒಂದು ಮೊಳ ದೂರದಲ್ಲಿ, ಹೆಬ್ಬೆರಳ ಗಾತ್ರದ ಪಕ್ಷಿಯೊಂದು ಗಾಳಿಗೆ ಮೊಳೆ ಹೊಡೆದಂತೆ ನಿಂತಿದ್ದಿತು. ಅದರ ಕೊರಳು ಕಪ್ಪೆಂದು ನಾನು ನಿಶ್ಚಯಿಸುವಷ್ಟರಲ್ಲಿ ಅದು ತುಸು ತಿರುಗಲು, ಬಿಸಿಲು ತಾಗಿದ ಆ ಕೊರಳು ಮಾಣಿಕ್ಯದಂತೆ ಹೊತ್ತಿ ಉರಿದು, ಮರುಕ್ಷಣದಲ್ಲಿಯೇ ಆರಿಹೋಯಿತು.

ಹಮ್ಮಿಂಗ್‌ಬರ್ಡ್ ಕುಲದ 350ಕ್ಕೂ ಹೆಚ್ಚು ಪ್ರಭೇದಗಳು ಅಮೆರಿಕ ಖಂಡಗಳಿಗೇ ಮೀಸಲು. ನಮ್ಮೂರಿನಲ್ಲಿ ಕಂಡೆವೆಂದು ಹೇಳುವವರು ಕಂಡದ್ದು ದಾಸವಾಳಕ್ಕೆ ಜೋತುಬಿದ್ದ ಸೂರಕ್ಕಿಯನ್ನು. ಉತ್ತರ ಅಮೆರಿಕದ ಪೂರ್ವಭಾಗದಲ್ಲಿ ಗೂಡುಕಟ್ಟುವುದು ಈ ಮಾಣಿಕ್ಯಕಂಠದ ಪ್ರಭೇದವೊಂದೇ. ತೂಕ ಸುಮಾರು 3 ಗ್ರಾಂ. ರೆಕ್ಕೆಯ ಬಡಿತ ಸೆಕೆಂಡಿಗೆ 50ರ ಸುಮಾರು. ಇಂತಹ ದೇಹಕ್ಕೆ ಹಗಲೆಲ್ಲ ಮಧುವೇ ಇಂಧನವಾದುದರಿಂದ, ಅದಕ್ಕೊಂದು ಬಾಟಲಿಯನ್ನು ತೂಗುಹಾಕುವ ಪದ್ಧತಿಯು ಇಲ್ಲಿನ ಮನೆಮನೆಯಲ್ಲಿಯೂ ಉಂಟು.

ಮನೆಗೆ ಬಂದ ಅತಿಥಿಗೆ ಬರಿಯ ಸಕ್ಕರೆನೀರು ಕೊಡುವುದುಂಟೇ ಎಂಬ ಅಭಿಮಾನದಿಂದ, ಮಗಳು ಕೆಲಸಕ್ಕೆ ಹೋಗಿದ್ದ ಒಂದು ದಿನ ನಾನು ಜೇನುತುಪ್ಪವನ್ನು ನೀರಿನಲ್ಲಿ ಕದಡಿ ಬಾಟಲಿಗೆ ತುಂಬಿದೆನು. ಸಂಜೆ ಬಂದವಳು ಅದನ್ನು ಮೂಸಿ, ಮಾತಿಲ್ಲದೆ ಸಿಂಕಿಗೆ ಸುರಿದಳು.

"ಅಪ್ಪಾ, ಜೇನು ಬೇಗ ಹುಳಿಯುತ್ತೆ. ಬೂಷ್ಟು ಹಿಡಿದರೆ ಅದರ ನಾಲಗೆಗೇ ಕುತ್ತು."

"ಹಾಗಾದರೆ ಬೆಲ್ಲ?"

"ಅದರಲ್ಲಿ ಕಬ್ಬಿಣದ ಅಂಶ ಇದೆ, ಅದೂ ಬೇಡ."

ರಾಮನವಮಿಯ ಪಾನಕದಲ್ಲಿ ಪಳಗಿದ ನನ್ನ ಪಾಂಡಿತ್ಯವು ಅಲ್ಲಿಗೆ ಮುಗಿಯಿತು. ಒಂದು ಲೋಟ ಬಿಳಿ ಸಕ್ಕರೆಗೆ ನಾಲ್ಕು ಲೋಟ ನೀರು, ಅಷ್ಟೇ. ಹೂವಿನ ಮಕರಂದದ ಸಿಹಿಯೂ ಹೆಚ್ಚುಕಡಿಮೆ ಅಷ್ಟೇ. ಅಂಗಡಿಯವರು ಮಾರುವ ಕೆಂಪು ದ್ರವವು ಅನಗತ್ಯ. ಪಕ್ಷಿಯನ್ನು ಕರೆಯಲು ಬಾಟಲಿಯ ಕೆಂಪು ಮುಚ್ಚಳವೇ ಸಾಕು.

ಆದರೆ ಪಾಕಕ್ಕಿಂತ ಪಾತ್ರೆಯದೇ ದೊಡ್ಡ ಕೆಲಸ. ಜುಲೈ ತಿಂಗಳ ಸೆಕೆಯಲ್ಲಿ, ನಿನ್ನೆ ಸ್ಫಟಿಕದಂತಿದ್ದ ನೀರು ಇಂದು ಅಕ್ಕಿ ತೊಳೆದ ನೀರಿನಂತೆ ಮಸಕಾಗಿ, ಕೊಕ್ಕು ತೂರಿಸುವ ರಂಧ್ರಗಳ ಅಂಚಿನಲ್ಲಿ ಎಳ್ಳಿನ ಚೂರಿನಂತಹ ಕಪ್ಪು ಚುಕ್ಕೆಗಳು ಮೂಡುತ್ತವೆ, ಅದೇ ಬೂಷ್ಟು. ಎರಡು ದಿನಕ್ಕೊಮ್ಮೆ ಉಳಿದುದನ್ನು ಚೆಲ್ಲಿ, ಬಿಸಿನೀರಿನಲ್ಲಿ ಸಣ್ಣ ಬ್ರಷ್ಷಿನಿಂದ ರಂಧ್ರ ರಂಧ್ರವನ್ನೂ ಉಜ್ಜಿ, ಆಗಾಗ ವಿನಿಗರ್ ಹಾಕಿ ತಿಕ್ಕಿ, ಅದರ ವಾಸನೆಯೂ ಉಳಿಯದಂತೆ ತೊಳೆಯಬೇಕು. ತಂಪಿನ ದಿನಗಳಲ್ಲಿ ನಾಲ್ಕೈದು ದಿನ ತಡೆಯಬಹುದು. ಇಷ್ಟು ವ್ಯವಧಾನವಿಲ್ಲದವರು ಬಾಟಲಿಯನ್ನು ಕಟ್ಟದಿರುವುದೇ ಲೇಸೆಂದು ನನಗೆ ತೋರುತ್ತದೆ. ಹೂಗಿಡ ನೆಟ್ಟರೂ ಪಕ್ಷಿ ಬಂದೇ ಬರುತ್ತದೆ. ಇಲ್ಲಿನ ತೊರೆಗಳ ಬದಿಯಲ್ಲಿ ತಾನಾಗಿ ಬೆಳೆಯುವ, ನಮ್ಮ ಕರ್ಣಕುಂಡಲದ ಒಡಹುಟ್ಟಾದ ಜ್ಯುಯೆಲ್‌ವೀಡ್ ಎಂಬ ಕಿತ್ತಳೆ ಹೂವೆಂದರೆ ಅದಕ್ಕೆ ಬಲು ಪ್ರೀತಿ.

ಬಾಟಲಿಯನ್ನು ಕಿಟಕಿಯ ಗಾಜಿಗೆ 3 ಅಡಿಯೊಳಗಾಗಲಿ, 30 ಅಡಿಗೂ ಆಚೆಯಾಗಲಿ ಕಟ್ಟಬೇಕು. ನಡುವಿನ ದೂರದಲ್ಲಾದರೆ ವೇಗದಿಂದ ಬಂದ ಪಕ್ಷಿಯು ಗಾಜಿಗೆ ಬಡಿದು ಸತ್ತೀತು. ಇರುವೆಗೆ, ಮೇಲೊಂದು ನೀರಿನ ಬಟ್ಟಲು ಸಾಕು. ತಂತಿಗೆ ಎಣ್ಣೆ ಸವರಿದರೆ ಅದು ಗರಿಗಂಟುತ್ತದೆ. ಕೀಟನಾಶಕವಂತೂ ಸಲ್ಲದು, ಏಕೆಂದರೆ ಮರಿಗಳಿಗೆ ತಾಯಿಯು ಉಣಿಸುವುದು ಸಣ್ಣ ಕೀಟಗಳನ್ನು, ಗೂಡನ್ನು ಬಿಗಿಯುವುದು ಜೇಡನ ನೂಲಿನಿಂದ. ಆದರೂ ಒಂದು ಮಧ್ಯಾಹ್ನ ಬಾಟಲಿಯ ಅಂಚಿನಲ್ಲಿ ಕೈಜೋಡಿಸಿ ಕುಳಿತಿದ್ದ ಸೂರ್ಯನ ಕುದುರೆಯೊಂದನ್ನು ನಾನೇ ಕಡ್ಡಿಯಿಂದೆತ್ತಿ ದೂರದ ಪೊದೆಗೆ ಸಾಗಿಸಿದೆನು. ಆ ಭಕ್ತಶಿರೋಮಣಿಯು ಈ ಪಕ್ಷಿಯನ್ನೂ ಹಿಡಿದು ತಿನ್ನಬಲ್ಲದು.

ಈಗ ಸೆಪ್ಟೆಂಬರ್ ಕೊನೆ. ದೇಹದ ತೂಕವನ್ನು ಇಮ್ಮಡಿಗೆ ಸಮೀಪಿಸುವಂತೆ ಕೊಬ್ಬು ಕೂಡಿಸಿಕೊಂಡ ಈ ಜೀವಿಗಳಲ್ಲಿ ಎಷ್ಟೋ, ಮೆಕ್ಸಿಕೋ ಕೊಲ್ಲಿಯ 800 ಕಿಲೋಮೀಟರಿನ ಸಮುದ್ರವನ್ನು ಎಲ್ಲಿಯೂ ಇಳಿಯದೆ ದಾಟಲಿವೆ. ಬಾಟಲಿಯನ್ನು ತೆಗೆಯದಿದ್ದರೆ ಆಸೆಗೆ ಬಿದ್ದು ಇಲ್ಲಿಯೇ ಉಳಿದಾವೆಂದು ಪಕ್ಕದ ಮನೆಯವರಿಗೆ ಆತಂಕ. ಆದರೆ ಪಯಣದ ಕರೆ ಕುಗ್ಗುತ್ತಿರುವ ಹಗಲಿನಿಂದ ಬರುವುದೇ ಹೊರತು ಸಕ್ಕರೆಯಿಂದ ತಡೆಯುವಂಥದಲ್ಲ. ಉತ್ತರದಿಂದ ತಡವಾಗಿ ಹೊರಟವರಿಗಾಗಿ ಇನ್ನೆರಡು ವಾರ ಇರಲೆಂದು ಮಗಳ ಅಪ್ಪಣೆ. ಕೆಂಪು ಕೊರಳಿನವನು ಕಾಣದೆ ಹತ್ತು ದಿನವಾಯಿತು. ಬಾಟಲಿಯನ್ನು ನಿನ್ನೆಯೂ ತೊಳೆದು ತುಂಬಿದ್ದೇನೆ.