ಮಿನಿ ಲೇತ್ ತಂದಿದ್ದೀರಾ? ಬಿಡಿಭಾಗಕ್ಕೆ ದುಡ್ಡು ಹಾಕುವ ಮುಂಚೆ ಮಷಿನ್ ಸರಿಯಾಗಿ ಕೂರಿಸಿ

ಸ್ಪ್ರೇಯರ್ ಪಂಪಿನ ಒಂದು ಬುಷ್ ಸವೆದ್ರೆ ಸಾಕು, ರೈತನ ಅರ್ಧ ದಿನದ ಕೆಲಸ ನಿಲ್ಲುತ್ತೆ. ಹೊಲಿಗೆ ಮಷಿನ್ ಆಗಲಿ, ವೆಟ್ ಗ್ರೈಂಡರ್ ಆಗಲಿ, ಕೈಕೊಡೋದು ಹೆಚ್ಚಾಗಿ ಇಂಥ ಒಂದು ಸಣ್ಣ ತುಂಡೇ. ದೊಡ್ಡ ವರ್ಕ್‌ಶಾಪ್‌ಗಳಲ್ಲಿ ಟ್ರ್ಯಾಕ್ಟರ್, ಬೋರ್‌ವೆಲ್ ಮೋಟಾರ್ ಕೆಲಸದ ನಡುವೆ ಈ ಸಣ್ಣ ಕೆಲಸಗಳ ಸರದಿ ಬರೋದು ತಡ. ಅದಕ್ಕೇ ರಿಪೇರಿ ಅಂಗಡಿ ಇಟ್ಟವರು, ಮನೆಯಲ್ಲೇ ಏನಾದರೂ ಮಾಡುವ ಹವ್ಯಾಸ ಇರೋರು ಟೇಬಲ್ ಮೇಲೆ ಕೂರುವ ಮಿನಿ ಲೇತ್ ಕಡೆ ನೋಡ್ತಾರೆ.

ಆದರೆ ಮಷಿನ್ ಬಿಚ್ಚಿ, ಪ್ಲಗ್ ಹಾಕಿ, ಮೊದಲ ಬುಷ್ ಕಡೆದಾಗ ಒಂದು ತುದಿ ದಪ್ಪ, ಇನ್ನೊಂದು ತುದಿ ಸಣ್ಣ. ಮೇಲ್ಮೈಯೆಲ್ಲಾ ಗೀರು. ಆಗ "ಮಷಿನ್ನೇ ಸರಿ ಇಲ್ಲ" ಅಂದುಕೊಂಡು ಹೊಸ ಚಕ್, ಹೊಸ ಬೇರಿಂಗ್, ಹೊಸ ಟೂಲ್ ಪೋಸ್ಟ್ ಅಂತ ಸಾವಿರಾರು ರೂಪಾಯಿ ಹೋಗುತ್ತೆ. ಇದರಲ್ಲಿ ಬಹುಪಾಲು ತೊಂದರೆ ಒಂದು ರೂಪಾಯಿ ಖರ್ಚಿಲ್ಲದೆ, ಒಂದು ಭಾನುವಾರದ ಕೆಲಸದಲ್ಲಿ ಸರಿಹೋಗುತ್ತೆ. ಹೇಗೆ ಅನ್ನೋದನ್ನ ಹಂತ ಹಂತವಾಗಿ ನೋಡೋಣ.

ಈ ಮಷಿನ್ ಏನು ಮಾಡುತ್ತೆ, ಏನು ಮಾಡಲ್ಲ

ಮಾರುಕಟ್ಟೆಯಲ್ಲಿ ಹೆಚ್ಚಾಗಿ ಸಿಗೋದು ಚೀನಾದಲ್ಲಿ ತಯಾರಾದ, 7 ಇಂಚಿನ ವರ್ಗದ ಮಿನಿ ಲೇತ್. ಹೆಸರು, ಬಣ್ಣ ಬೇರೆ ಬೇರೆ ಇದ್ದರೂ ಒಳಗಿನ ವಿನ್ಯಾಸ ಹೆಚ್ಚುಕಮ್ಮಿ ಒಂದೇ. ಬೆಡ್ ಮೇಲೆ ಸುಮಾರು 180 ಮಿ.ಮೀ. ಅಗಲದ ವಸ್ತು ತಿರುಗುತ್ತೆ. ಆದರೆ ಕ್ರಾಸ್ ಸ್ಲೈಡ್ ಮೇಲೆ ಸಿಗೋ ಜಾಗ ಸುಮಾರು 110 ಮಿ.ಮೀ. ಮಾತ್ರ. ಚಕ್ ಹಿಂದಿನ ಸ್ಪಿಂಡಲ್ ತೂತಿನಲ್ಲಿ 20 ಮಿ.ಮೀ.ವರೆಗಿನ ರಾಡ್ ತೂರುತ್ತೆ. ಕೊಳ್ಳುವಾಗ ಈ ಎರಡು ಅಳತೆ ಕೇಳಿ, ಬರೀ "7 ಇಂಚು" ಅನ್ನೋ ಮಾತಿಗೆ ಮರುಳಾಗಬೇಡಿ.

ಬುಷ್, ಸ್ಪೇಸರ್, ಸಣ್ಣ ಪುಲ್ಲಿ, ಪಿನ್, ಸಣ್ಣ ಥ್ರೆಡ್, ಇವಕ್ಕೆ ಇದು ಧಾರಾಳ ಸಾಕು. ಟ್ರ್ಯಾಕ್ಟರ್ ಆಕ್ಸಲ್, ಉದ್ದದ ಪಂಪ್ ಶಾಫ್ಟ್ ಇದರ ಕೆಲಸವಲ್ಲ. ಅಂಥ ಆರ್ಡರ್ ಬಂದರೆ ದೊಡ್ಡ ವರ್ಕ್‌ಶಾಪ್‌ಗೆ ಕಳಿಸಿಬಿಡಿ.

ಭಾರ ಇಲ್ಲದಿರೋದೇ ಮೂಲ ಕಾರಣ

ನಮ್ಮ ಜಿಲ್ಲೆಯ ಹರಿಹರಕ್ಕೆ ಲೇತ್ ಹೊಸದಲ್ಲ. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್ ತಯಾರಿಕೆಗೇ ಹೆಸರಾಗಿತ್ತು. ಕಾರ್ಖಾನೆ ಬಾಗಿಲು ಮುಚ್ಚಿ ವರ್ಷಗಳಾದವು. ಆದರೆ ಆ ಕಾಲದ ದೊಡ್ಡ ಲೇತ್ ಪಕ್ಕ ನಿಂತು ನೋಡಿದವರಿಗೆ ಗೊತ್ತು: ಅದರ ಎರಕದ ಕಬ್ಬಿಣದ ಭಾರವೇ ಅರ್ಧ ಕೆಲಸ ಮಾಡುತ್ತೆ. ಟೂಲ್ ಕಬ್ಬಿಣಕ್ಕೆ ಕಚ್ಚಿದಾಗ ಬರೋ ನಡುಕವನ್ನ ಆ ಭಾರ ನುಂಗಿಕೊಳ್ಳುತ್ತೆ.

ಮಿನಿ ಲೇತ್‌ನ ತೂಕ ಸುಮಾರು 40 ಕೆ.ಜಿ. ಅಷ್ಟೇ. ನಡುಕ ನುಂಗೋಕೆ ಅದರಲ್ಲಿ ಭಾರ ಇಲ್ಲ. ಹಾಗಾಗಿ ಎಲ್ಲಿ ಲೂಸ್ ಇದ್ದರೂ ಅದು ನೇರವಾಗಿ ನಿಮ್ಮ ಬುಷ್ ಮೇಲೆ ಗೀರಾಗಿ ಕಾಣುತ್ತೆ. ಭಾರದಿಂದ ಸಿಗದೇ ಇರೋದನ್ನ ಸೆಟ್ಟಿಂಗ್‌ನಿಂದ ಪಡೀಬೇಕು.

ಮೊದಲ ದಿನದ ಕೆಲಸ: ತೊಳೆದು, ಬಿಗಿದು

ಪೆಟ್ಟಿಗೆಯಿಂದ ಎತ್ತುವಾಗ ಇಬ್ಬರು ಬೇಕು. ಉದ್ದನೆಯ ಲೀಡ್ ಸ್ಕ್ರೂ ಹಿಡಿದು ಎತ್ತಬೇಡಿ, ಬೆಡ್ ಹಿಡಿದು ಎತ್ತಿ. ತುಕ್ಕು ಹಿಡಿಯದಿರಲಿ ಅಂತ ಕಾರ್ಖಾನೆಯಲ್ಲಿ ಬಳಿದ ಅಂಟು ಗ್ರೀಸ್ ಎಣ್ಣೆಯಲ್ಲ. ಅದರಲ್ಲಿ ಕಬ್ಬಿಣದ ಪುಡಿ, ಮರಳು ಸೇರಿರುತ್ತೆ. ಸೀಮೆಎಣ್ಣೆ ಅಥವಾ ಡೀಸೆಲ್ ಅದ್ದಿದ ಬಟ್ಟೆಯಿಂದ ಪೂರ್ತಿ ಒರೆಸಿ, ಆಮೇಲೆ ತೆಳು ಎಣ್ಣೆ ಹಚ್ಚಿ.

ನಂತರ ಮೇಜು. ಅಲ್ಲಾಡುವ ಟೇಬಲ್ ಮೇಲೆ ಯಾವ ಲೇತ್ ಇಟ್ಟರೂ ಕೆಲಸ ಕೆಡುತ್ತೆ. ದಪ್ಪ ಹಲಗೆ ಅಥವಾ ಕಬ್ಬಿಣದ ಆಂಗಲ್ ಫ್ರೇಮ್ ಮಾಡಿಸಿ, ಬೋಲ್ಟ್ ಹಾಕಿ ಬಿಗಿಯಿರಿ. ಮೇಜು ಸಮ ಇಲ್ಲದಿದ್ದರೆ ಬೋಲ್ಟ್ ಬಿಗಿಯುವಾಗ ಬೆಡ್ ತಿರುಚಿಕೊಳ್ಳುತ್ತೆ. ಹಾಗಾಗಿ ಯಾವ ಕಾಲು ಎದ್ದಿದೆ ನೋಡಿ, ಅದರಡಿ ತಗಡಿನ ಚೂರು ಕೊಟ್ಟು ಆಮೇಲೆ ಬಿಗಿ ಮಾಡಿ. ಮಷಿನ್ ಕರಾರುವಾಕ್ಕಾಗಿ ಮಟ್ಟ ಇರಬೇಕು ಅಂತಿಲ್ಲ, ತಿರುಚಿರಬಾರದು ಅಷ್ಟೇ.

ಸ್ಲೈಡ್‌ಗಳ ಲೂಸ್ ತೆಗೆಯೋದು

ಕ್ರಾಸ್ ಸ್ಲೈಡ್ ಮತ್ತು ಮೇಲಿನ ಕಾಂಪೌಂಡ್ ಸ್ಲೈಡ್ ಪಕ್ಕದಲ್ಲಿ ಸಾಲಾಗಿ ಸಣ್ಣ ಸ್ಕ್ರೂಗಳಿರುತ್ತವೆ. ಅವು ಒಳಗಿನ ಗಿಬ್ ಪಟ್ಟಿಯನ್ನ ಒತ್ತಿ ಹಿಡಿಯೋ ಸ್ಕ್ರೂ. ಲಾಕ್ ನಟ್ ಸಡಿಲಿಸಿ, ಹ್ಯಾಂಡಲ್ ತಿರುಗಿಸೋದು ಬಿಗಿ ಅನ್ನಿಸುವವರೆಗೆ ಒಂದೊಂದೇ ಸ್ಕ್ರೂ ಸಮನಾಗಿ ಬಿಗಿಯಿರಿ. ಆಮೇಲೆ ಸ್ವಲ್ಪವೇ ಸ್ವಲ್ಪ ಸಡಿಲಿಸಿ. ಸ್ಲೈಡ್ ಸರಾಗ ಓಡಬೇಕು, ಕೈಯಲ್ಲಿ ಅಲ್ಲಾಡಿಸಿದರೆ ಅಲ್ಲಾಡಬಾರದು. ಅಲೆನ್ ಕೀಯಿಂದ ಸ್ಕ್ರೂ ಹಿಡಿದುಕೊಂಡೇ ಲಾಕ್ ನಟ್ ಬಿಗಿ ಮಾಡಿ, ಇಲ್ಲಾಂದ್ರೆ ಸೆಟ್ಟಿಂಗ್ ತಪ್ಪುತ್ತೆ.

ಕ್ಯಾರೇಜ್‌ನ ಅಡಿಯಲ್ಲೂ ಎರಡು ಪಟ್ಟಿಗಳಿವೆ. ಟೂಲ್ ಕಚ್ಚಿದಾಗ ಕ್ಯಾರೇಜ್ ಮೇಲೇಳದಂತೆ ತಡೆಯೋದು ಇವೇ. ಕಣ್ಣಿಗೆ ಬೀಳಲ್ಲ ಅಂತ ಇವನ್ನ ಬಿಟ್ಟರೆ ಮೇಲಿನ ಸೆಟ್ಟಿಂಗ್ ಎಲ್ಲಾ ವ್ಯರ್ಥ.

ಟೂಲ್ ಎತ್ತರ: ಸ್ಟೀಲ್ ಪಟ್ಟಿಯ ಪರೀಕ್ಷೆ

ಟೂಲ್ ತುದಿ ರಾಡ್‌ನ ನಟ್ಟನಡುವಿನ ಎತ್ತರಕ್ಕೇ ಇರಬೇಕು. ಮಷಿನ್ ಆಫ್ ಮಾಡಿ, ರಾಡ್ ಮತ್ತು ಟೂಲ್ ತುದಿ ನಡುವೆ ತೆಳು ಸ್ಟೀಲ್ ಸ್ಕೇಲ್ ಹಗುರವಾಗಿ ಸಿಕ್ಕಿಸಿ. ಸ್ಕೇಲ್ ನೆಟ್ಟಗೆ ನಿಂತರೆ ಎತ್ತರ ಸರಿ. ಸ್ಕೇಲಿನ ಮೇಲ್ತುದಿ ನಿಮ್ಮ ಕಡೆ ವಾಲಿದರೆ ಟೂಲ್ ಕೆಳಗಿದೆ, ಅಡಿಗೆ ಪ್ಯಾಕಿಂಗ್ ಪಟ್ಟಿ ಕೊಡಿ. ಆಚೆ ವಾಲಿದರೆ ಟೂಲ್ ಮೇಲಿದೆ, ಪ್ಯಾಕಿಂಗ್ ತೆಗೆಯಿರಿ.

ನೇರ ಕಡೆಯುತ್ತಾ? ಒಂದು ತುಂಡು ಹೇಳುತ್ತೆ

ಸುಮಾರು 25 ಮಿ.ಮೀ. ದಪ್ಪದ ರಾಡ್ ಚಕ್‌ಗೆ ಹಿಡಿದು, 100 ಮಿ.ಮೀ. ಹೊರಗೆ ಬಿಡಿ. ಟೇಲ್‌ಸ್ಟಾಕ್ ಆಧಾರ ಬೇಡ. ಚೆನ್ನಾಗಿ ಹರಿತ ಮಾಡಿದ ಟೂಲ್‌ನಿಂದ ತೀರಾ ತೆಳುವಾಗಿ, ಒಂದೇ ಸಲಕ್ಕೆ ಪೂರ್ತಿ ಉದ್ದ ಕಡೆಯಿರಿ. ಎರಡೂ ತುದಿ ಮೈಕ್ರೋಮೀಟರ್‌ನಲ್ಲಿ ಅಳೆಯಿರಿ. ವ್ಯತ್ಯಾಸ 0.02 ಮಿ.ಮೀ. ಒಳಗಿದ್ದರೆ ಅಂಗಡಿ ಕೆಲಸಕ್ಕೆ ಸಾಕು.

ಹೊರತುದಿ ದಪ್ಪ ಬಂತು ಅಂದ್ರೆ ಅಲ್ಲಿ ಟೂಲ್ ರಾಡ್‌ನಿಂದ ದೂರ ಸರಿದಿದೆ ಅಂತ. ಟೇಲ್‌ಸ್ಟಾಕ್ ಕಡೆಯ, ನಿಮ್ಮ ಎದುರಿಗಿರೋ ಕಾಲಿನಡಿ ತೆಳು ತಗಡು ಕೊಟ್ಟು ಮತ್ತೆ ಬಿಗಿದು ಇನ್ನೊಮ್ಮೆ ಕಡೆದು ನೋಡಿ. ಸಣ್ಣ ಬಂದರೆ ಹಿಂದಿನ ಕಾಲಿಗೆ ಕೊಡಿ. ಅದರಿಂದಲೂ ಸರಿಹೋಗದಿದ್ದರೆ ಹೆಡ್‌ಸ್ಟಾಕ್ ಬೋಲ್ಟ್ ಬಿಚ್ಚಿ, ಕೂರುವ ಜಾಗದಲ್ಲಿ ಪೇಂಟ್, ಕಸ ಸಿಕ್ಕಿದೆಯಾ ನೋಡಿ. ಸ್ವಚ್ಛ ಮಾಡಿ ಮತ್ತೆ ಕೂರಿಸಿ.

ಸ್ಪೀಡ್ ಲೆಕ್ಕ ಸುಲಭ

ಸಾಮಾನ್ಯ ಮೈಲ್ಡ್ ಸ್ಟೀಲ್‌ಗೆ ಹೈಸ್ಪೀಡ್ ಸ್ಟೀಲ್ ಟೂಲ್ ಬಳಸುವಾಗ 8000ವನ್ನು ರಾಡ್‌ನ ವ್ಯಾಸದಿಂದ (ಮಿ.ಮೀ. ಲೆಕ್ಕದಲ್ಲಿ) ಭಾಗಿಸಿ. ಬಂದ ಸಂಖ್ಯೆಯೇ ನಿಮಿಷಕ್ಕೆ ಎಷ್ಟು ಸುತ್ತು ಅನ್ನೋದು. 25 ಮಿ.ಮೀ. ರಾಡ್‌ಗೆ 320, 10 ಮಿ.ಮೀ.ಗೆ 800. ಅಲ್ಯುಮಿನಿಯಂ, ಹಿತ್ತಾಳೆಗೆ ಇದರ ಎರಡರಷ್ಟು ಓಡಿಸಬಹುದು.

ದುಡ್ಡು ಹಾಕೋದಾದ್ರೆ ಈ ಕ್ರಮದಲ್ಲಿ

1. ಹರಿತದ ವ್ಯವಸ್ಥೆ. ಒಳ್ಳೆ ಹೈಸ್ಪೀಡ್ ಸ್ಟೀಲ್ ತುಂಡು ಮತ್ತು ಒಂದು ಬೆಂಚ್ ಗ್ರೈಂಡರ್. ಕಡಿಮೆ ಶಕ್ತಿಯ ಮೋಟಾರ್‌ಗೆ ಹರಿತವಾದ ಟೂಲೇ ಆಸರೆ.

2. ಕ್ವಿಕ್ ಚೇಂಜ್ ಟೂಲ್ ಪೋಸ್ಟ್. ಪ್ರತಿ ಸಲ ಪ್ಯಾಕಿಂಗ್ ಹುಡುಕೋದು ತಪ್ಪುತ್ತೆ, ಎತ್ತರ ಒಂದು ಸ್ಕ್ರೂನಲ್ಲೇ ಸರಿಹೋಗುತ್ತೆ.

3. ಡ್ರಿಲ್ ಚಕ್. ಟೇಲ್‌ಸ್ಟಾಕ್‌ಗೆ 2ನೇ ನಂಬರ್ ಮೋರ್ಸ್ ಟೇಪರ್ ಕೇಳಿ. ಸ್ಪಿಂಡಲ್ ಕಡೆ ಇರೋದು 3ನೇ ನಂಬರ್.

4. ಸ್ಪಿಂಡಲ್ ಬೇರಿಂಗ್. ಸಾಮಾನ್ಯವಾಗಿ ಬರೋದು 6206 ಬಾಲ್ ಬೇರಿಂಗ್. ಬದಲಿಗೆ 7206 ಆಂಗ್ಯುಲರ್ ಕಾಂಟ್ಯಾಕ್ಟ್ ಬೇರಿಂಗ್ ಹಾಕಿದರೆ ಅಳತೆ ಅದೇ: ಒಳಗೆ 30, ಹೊರಗೆ 62, ದಪ್ಪ 16 ಮಿ.ಮೀ. 30206 ಟೇಪರ್ ರೋಲರ್ ಇನ್ನೂ ಗಟ್ಟಿ, ಆದರೆ ದಪ್ಪ 17.25 ಮಿ.ಮೀ. ಹಾಗಾಗಿ ಸ್ಪೇಸರ್ ಚಿಕ್ಕದು ಮಾಡಬೇಕಾಗುತ್ತೆ. ಆ ಸ್ಪೇಸರ್‌ಗಳನ್ನ ಇದೇ ಲೇತ್‌ನಲ್ಲಿ, ಅದನ್ನ ಬಿಚ್ಚುವ ಮುಂಚೆಯೇ ಕಡೆದಿಟ್ಟುಕೊಳ್ಳಿ! ಹಾಕಿದ ಮೇಲೆ ಸ್ವಲ್ಪ ಹೊತ್ತು ಓಡಿಸಿ ಹೆಡ್‌ಸ್ಟಾಕ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ, ಕೈ ಇಡೋಕಾಗದಷ್ಟು ಬಿಸಿಯಾದರೆ ನಟ್ ಜಾಸ್ತಿ ಬಿಗಿಯಾಗಿದೆ.

ಪ್ಲಾಸ್ಟಿಕ್ ಗೇರ್ ತೆಗೆದು ಕಬ್ಬಿಣದ್ದು ಹಾಕಿ ಅನ್ನೋ ಸಲಹೆ ಸಿಗುತ್ತೆ. ಅವಸರ ಬೇಡ. ಟೂಲ್ ಸಿಕ್ಕಿಹಾಕಿಕೊಂಡಾಗ ಆ ಪ್ಲಾಸ್ಟಿಕ್ ಗೇರ್ ಫ್ಯೂಸ್ ಥರ ಮೊದಲು ಮುರಿದು ಉಳಿದದ್ದನ್ನ ಉಳಿಸುತ್ತೆ. ಒಂದು ಸೆಟ್ ಹೆಚ್ಚುವರಿ ತಂದಿಟ್ಟುಕೊಂಡರೆ ಸಾಕು.

ಕರೆಂಟ್ ಮತ್ತು ಕೈ ಬಗ್ಗೆ ಎಚ್ಚರ

ಕರೆಂಟ್ ಹೋಗಿ ಬರೋದು ನಮ್ಮಲ್ಲಿ ಮಾಮೂಲು. ಕರೆಂಟ್ ಹೋದಾಗ ಚಕ್‌ನಲ್ಲಿ ಕೈಯಿಟ್ಟು ಏನೋ ಸರಿಮಾಡ್ತಿರುವಾಗ ಕರೆಂಟ್ ಬಂದು ಲೇತ್ ತಾನಾಗಿ ತಿರುಗಿದರೆ ಬೆರಳು ಹೋಯ್ತು ಅಂತಲೇ ಲೆಕ್ಕ. ಪಂಪ್‌ಸೆಟ್‌ಗೆ ಆಟೋ ಸ್ಟಾರ್ಟರ್ ಹಾಕುವ ಅಭ್ಯಾಸ ಇಲ್ಲಿ ಬೇಡವೇ ಬೇಡ. ಕರೆಂಟ್ ಬಂದರೂ ನೀವು ಬಟನ್ ಒತ್ತುವವರೆಗೆ ಮಷಿನ್ ಓಡಬಾರದು. ಅಂಥ ಸ್ವಿಚ್ ಇದೆಯಾ ಅಂತ ಚಕ್ ಖಾಲಿ ಇರುವಾಗ ಮೇನ್ ಆಫ್ ಮಾಡಿ, ಆನ್ ಮಾಡಿ ಪರೀಕ್ಷಿಸಿ. ಇಲ್ಲದಿದ್ದರೆ ಎಲೆಕ್ಟ್ರಿಷಿಯನ್‌ಗೆ ಹೇಳಿ ಮೊದಲು ಹಾಕಿಸಿ. ಸರಿಯಾದ ಅರ್ಥಿಂಗ್, 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಇರಲೇಬೇಕು.

ಚಕ್ ಕೀಯನ್ನ ಚಕ್‌ನಲ್ಲಿ ಬಿಟ್ಟು ಕೈ ತೆಗೆಯಬೇಡಿ. ಆನ್ ಮಾಡಿದಾಗ ಅದು ಗುಂಡಿನಂತೆ ಹಾರುತ್ತೆ. ಕಣ್ಣಿಗೆ ಕನ್ನಡಕ ಹಾಕಿ. ಹೆಗಲ ಮೇಲಿನ ಟವೆಲ್, ಉದ್ದ ತೋಳು, ಸೆರಗು, ದುಪಟ್ಟಾ, ಕೈಗ್ಲೌಸ್ ಯಾವುದೂ ತಿರುಗೋ ಲೇತ್ ಹತ್ತಿರ ಬರಬಾರದು. ಕಬ್ಬಿಣದ ಸುರುಳಿಗಳು ಬ್ಲೇಡ್‌ನಷ್ಟು ಚೂಪು. ಮಷಿನ್ ನಿಲ್ಲಿಸಿ ಬ್ರಷ್‌ನಿಂದಲೇ ತೆಗೆಯಿರಿ. ಅಂಗಡಿಯಲ್ಲಿ ಮಕ್ಕಳು ಓಡಾಡ್ತಾರೆ ಅಂದ್ರೆ ಕೆಲಸ ಮುಗಿದ ತಕ್ಷಣ ಪ್ಲಗ್ ಕಿತ್ತಿಡಿ.

ಮೊದಲ ಆರ್ಡರ್ ಯಾವಾಗ ತಗೋಬೇಕು?

ಪರೀಕ್ಷೆಯ ಆ 100 ಮಿ.ಮೀ. ತುಂಡು ನೇರ ಬಂದ ಮೇಲೆ. ಅದಕ್ಕೂ ಮುಂಚೆ ಗಿರಾಕಿಯ ಕೆಲಸ ಹಿಡಿದರೆ ಓರೆ ಬುಷ್ ಹೋಗುತ್ತೆ, ಅದು ಬೇರಿಂಗ್ ತಿನ್ನುತ್ತೆ, ಹೆಸರು ಕೆಡೋದು ನಿಮ್ಮದು. ಸರಿ ಬಂದ ತುಂಡಿನ ಮೇಲೆ ತಾರೀಖು, ಎರಡೂ ತುದಿಯ ಅಳತೆ ಬರೆದು ಎಣ್ಣೆ ಹಚ್ಚಿ ಡ್ರಾಯರ್‌ನಲ್ಲಿಡಿ. ಆರು ತಿಂಗಳಿಗೊಮ್ಮೆ ಹೊಸ ತುಂಡು ಕಡೆದು ಅಳತೆ ಹೋಲಿಸಿ. ಲೂಸ್ ಬಂದಿದ್ದರೆ ಗಿರಾಕಿಗಿಂತ ಮುಂಚೆ ನಿಮಗೇ ಗೊತ್ತಾಗುತ್ತೆ.