ಒಳ್ಳೆ ಮಳೆ, ದೊಡ್ಡ ಬೆಂಕಿ

2023ರಲ್ಲಿ ಆಸ್ಟ್ರೇಲಿಯಾದ ಉತ್ತರ ಭಾಗದಲ್ಲಿ 8 ಕೋಟಿ ಹೆಕ್ಟೇರ್‌ಗೂ ಹೆಚ್ಚು ನೆಲ ಸುಟ್ಟಿತು. ಕರ್ನಾಟಕದಂಥ ನಾಲ್ಕು ರಾಜ್ಯಗಳನ್ನು ಒಟ್ಟಿಗಿಟ್ಟರೂ ಅಷ್ಟಾಗದು. ಆದರೂ ಆ ದೇಶದ ಬೆಂಕಿ ಎಂದರೆ ನಮಗೆ ನೆನಪಾಗುವುದು 2019-20ರ ‘ಕಪ್ಪು ಬೇಸಿಗೆ’, ಸಿಡ್ನಿಯ ಕಿತ್ತಳೆ ಬಣ್ಣದ ಆಕಾಶ, ಬ್ಯಾಂಡೇಜು ಸುತ್ತಿದ ಕೋಲಾ. ಆಗ ಸುಟ್ಟ ನೆಲ ಇದಕ್ಕಿಂತ ಎಷ್ಟೋ ಕಡಿಮೆ. ಆದರೆ ಬೆಂಕಿಗೆ 33 ಜನ ಬಲಿಯಾಗಿದ್ದರು, ಸಾವಿರಾರು ಮನೆ ಬೂದಿಯಾಗಿದ್ದವು, ಕ್ಯಾಮೆರಾಗಳು ಹತ್ತಿರದಲ್ಲೇ ಇದ್ದವು. ಉತ್ತರದಲ್ಲಿ ಉರಿದದ್ದು ಹುಲ್ಲು. ಹುಲ್ಲು ಉರಿದರೆ ಯಾರಿಗೇನು ನಷ್ಟ ಎನ್ನುವವರು ಒಮ್ಮೆ ಬಾರ್ಕ್ಲಿಯ ದನಗಾಹಿಗಳ ಲೆಕ್ಕ ಕೇಳಬೇಕು.

ನಾರ್ದರ್ನ್ ಟೆರಿಟರಿಯ ಬಾರ್ಕ್ಲಿ ಪ್ರಸ್ಥಭೂಮಿ ಮರಗಳೇ ಅಪರೂಪವಾದ ಎರೆಮಣ್ಣಿನ ಬಯಲು. ಅಲ್ಲಿನ ಪೇಟೆ ಎಂದರೆ ಟೆನೆಂಟ್ ಕ್ರೀಕ್. ಅಲ್ಲಿಂದ ಆಲಿಸ್ ಸ್ಪ್ರಿಂಗ್ಸ್ ಸುಮಾರು 500 ಕಿಲೋಮೀಟರ್, ಡಾರ್ವಿನ್ ಹತ್ತಿರಹತ್ತಿರ 1,000. ‘ಸ್ಟೇಷನ್’ ಎಂದು ಕರೆಯುವ ಇಲ್ಲಿನ ದನದ ಜಮೀನುಗಳನ್ನು ಅಳೆಯಲು ಎಕರೆಯ ಲೆಕ್ಕ ಸಾಲದು. ಬ್ರೂನೆಟ್ ಡೌನ್ಸ್ ಎಂಬ ಒಂದೇ ಸ್ಟೇಷನ್ 12,000 ಚದರ ಕಿಲೋಮೀಟರ್ ದಾಟುತ್ತದೆ. ನಮ್ಮ ಬೆಳಗಾವಿ ಜಿಲ್ಲೆಗಿಂತ ತುಸು ಚಿಕ್ಕದು, ಅಷ್ಟೆ. ಪಕ್ಕದ ಮನೆ ಎಂದರೆ ನೂರು ಕಿಲೋಮೀಟರ್ ಆಚೆಗಿರಬಹುದು.

ಬೆಳಗಾವಿಯ ಹೆಸರು ಎತ್ತಿದ್ದಕ್ಕೆ ಇನ್ನೊಂದು ಕಾರಣವೂ ಉಂಟು. ಉತ್ತರ ಆಸ್ಟ್ರೇಲಿಯಾದ ಬಿಸಿಲು, ಉಣ್ಣೆಗಳ ಕಾಟ ತಾಳಿಕೊಂಡು ಬಾಳಿದ್ದು ಬ್ರಾಹ್ಮಣ್ ತಳಿ. ಹಿಣಿಲು, ಜೋಲುವ ಗಂಗೆದೊಗಲು ನೋಡಿದರೇ ಮೂಲ ಗೊತ್ತಾಗುತ್ತದೆ. ಅಮೆರಿಕನ್ನರು ಗಿರ್, ಗುಜರಾತಿನ ಕಾಂಕ್ರೇಜ್, ಒಂಗೋಲ್ ತಳಿಗಳ ಜತೆಗೆ ನಮ್ಮ ಕೃಷ್ಣಾ ತೀರದ ತಳಿಯನ್ನೂ ಬೆರೆಸಿ ಬೆಳೆಸಿದ ದನ ಅದು; 1933ರಲ್ಲಿ ಅಲ್ಲಿಂದ ಆಸ್ಟ್ರೇಲಿಯಾಕ್ಕೆ ಹೋಯಿತು. ಬೆಂಕಿಗೆ ಬೆದರಿ ಬೇಲಿಯ ಮೂಲೆಗೆ ಒತ್ತಿ ನಿಲ್ಲುವ ಆ ಮಂದೆಗಳಲ್ಲಿ ಒಂದಿಷ್ಟು ರಕ್ತ ನಮ್ಮ ಕಡೆಯದು.

ಬರಗಾಲದಲ್ಲಿ ಬೆಂಕಿ ಹೆಚ್ಚು ಎಂಬುದು ಕಾಡಿನ ಮಾತು. ಈ ಬಯಲಿನ ನಿಯಮ ತಿರುವುಮುರುವು. ಬರ ಬಿದ್ದರೆ ಹುಲ್ಲೇ ಇರುವುದಿಲ್ಲ, ಉರಿಯುವುದಾದರೂ ಏನು? 2020ರಿಂದ ಮೂರು ವರ್ಷ ಒಂದರ ಹಿಂದೊಂದು, ಅಲ್ಲಿಗೆ ಹೆಚ್ಚು ಮಳೆ ತರುವ ಲಾ ನಿನಾ ಬಂತು. ಮಳೆ ಸುರಿಯಿತು, ಹುಲ್ಲು ಎದ್ದಿತು, ದನ ಮೈತುಂಬಿಕೊಂಡವು. ಮಂದೆ ಮೇದು ಮುಗಿಸಲಾಗದಷ್ಟು ಮೇವು ನಿಂತಲ್ಲೇ ಒಣಗಿತು. 2023ರ ಸೆಪ್ಟೆಂಬರಿನಲ್ಲಿ ಟೆನೆಂಟ್ ಕ್ರೀಕ್ ಸುತ್ತಲಿನ ಬೆಂಕಿ ಹತ್ತು ಲಕ್ಷ ಹೆಕ್ಟೇರ್ ದಾಟಿದ್ದು ಈ ಸುಭಿಕ್ಷದ ಬೆನ್ನಿಗೇ. ಅರ್ಧ ಶತಮಾನದ ಹಿಂದೆಯೂ ಹೀಗೇ ಆಗಿತ್ತು. ಧಾರಾಳ ಮಳೆ ಕಂಡ ಮೇಲೆ 1974-75ರಲ್ಲಿ ಸುಮಾರು 11.7 ಕೋಟಿ ಹೆಕ್ಟೇರ್, ಎಂದರೆ ಇಡೀ ಖಂಡದ ಶೇ. 15ರಷ್ಟು ನೆಲ ಉರಿದುಹೋಯಿತು. ನ್ಯೂ ಸೌತ್ ವೇಲ್ಸ್‌ನ ಪಶ್ಚಿಮ ಭಾಗವೊಂದರಲ್ಲೇ 10,000 ಕಿಲೋಮೀಟರಿಗೂ ಹೆಚ್ಚು ಬೇಲಿ ಹಾಳಾಯಿತು.

ಇಲ್ಲಿ ಗಂಟೆ ಬಾರಿಸುತ್ತ ಬರುವ ಅಗ್ನಿಶಾಮಕ ವಾಹನಗಳಿಲ್ಲ. ಸರ್ಕಾರದ ತಂಡಗಳು ಬಂದರೂ ಮೊದಲ ದಿನಗಳಲ್ಲಿ ಎದುರು ನಿಲ್ಲುವವರು ಸ್ಟೇಷನ್‌ನ ಕೆಲಸಗಾರರು, ನೆರೆಯ ಜಮೀನಿನವರು. ಬೆಳಿಗ್ಗೆ ಉಪಗ್ರಹದ ನಕ್ಷೆಯಲ್ಲಿ ಬೆಂಕಿಯ ಚುಕ್ಕೆ ಎಲ್ಲಿಗೆ ಬಂತೆಂದು ನೋಡುತ್ತಾರೆ. ಚಾರ್ಲ್ಸ್ ಡಾರ್ವಿನ್ ವಿಶ್ವವಿದ್ಯಾಲಯ ನಡೆಸುವ ‘ನಾಫಿ’ ಜಾಲತಾಣ ಅವರಿಗೆ ಪಂಚಾಂಗವಿದ್ದಂತೆ. ಅಂಥ ವಿಸ್ತಾರದಲ್ಲಿ ನೀರು ಹೊಡೆದು ಬೆಂಕಿ ಆರಿಸುವುದು ಆಗದ ಮಾತು. ರಸ್ತೆ ಹದ ಮಾಡುವ ಗ್ರೇಡರ್ ಯಂತ್ರದಿಂದ ಹುಲ್ಲು ಕೆರೆದು, ಮೈಲಿಗಟ್ಟಲೆ ಬರಿಮಣ್ಣಿನ ಬೆಂಕಿರೇಖೆ ಎಳೆಯುತ್ತಾರೆ. ರಾತ್ರಿ ಗಾಳಿ ತಗ್ಗಿದ ಮೇಲೆ ಆ ರೇಖೆಯಿಂದ ತಾವೇ ಎದುರುಬೆಂಕಿ ಹಚ್ಚುತ್ತಾರೆ. ಬರುವ ಬೆಂಕಿಗೆ ತಿನ್ನಲು ಏನೂ ಉಳಿಯಬಾರದು. ಹಿಂದೆಯೇ ತೊಟ್ಟಿ ಕಟ್ಟಿದ ಪಿಕಪ್‌ಗಳು ದಾಟಿಬಂದ ಕಿಡಿಗಳನ್ನು ಆರಿಸುತ್ತ ಸಾಗುತ್ತವೆ. ಎಲ್ಲ ಸರಿಯಾಯಿತು ಎನ್ನುವಾಗ ಮಧ್ಯಾಹ್ನದ ಗಾಳಿ ದಿಕ್ಕು ಬದಲಿಸಿದರೆ ಮತ್ತೆ ಮೊದಲಿನಿಂದ.

ರೇಖೆ ದಾಟಿಸುವುದು ಗಾಳಿ ಒಂದೇ ಅಲ್ಲವಂತೆ. ಉರಿಯುವ ಕಡ್ಡಿಯನ್ನು ಕಾಲಲ್ಲೋ ಕೊಕ್ಕಲ್ಲೋ ಹಿಡಿದೊಯ್ದು ಆಚೆಯ ಹುಲ್ಲಿಗೆ ಹಾಕಿ, ಹೊರಬೀಳುವ ಮಿಡತೆ, ಓತಿಗಳನ್ನು ಹಿಡಿಯುವ ಹದ್ದುಗಳ ಬಗ್ಗೆ ಮೂಲನಿವಾಸಿಗಳು ಹಿಂದಿನಿಂದಲೂ ಹೇಳುತ್ತ ಬಂದಿದ್ದರು. 2017ರಲ್ಲಿ ಸಂಶೋಧಕರು ಅಂಥ ಪ್ರತ್ಯಕ್ಷ ಹೇಳಿಕೆಗಳನ್ನು ಕಲೆಹಾಕಿ ಪ್ರಕಟಿಸಿದರು. ಅವರು ಹೆಸರಿಸಿದ ಹಕ್ಕಿಗಳಲ್ಲೊಂದು ಬೆಂಗಳೂರಿನ ಮಾಂಸದಂಗಡಿಗಳ ಮೇಲೆ ಸುತ್ತು ಹಾಕುವ ನಮ್ಮ ಹದ್ದಿನ ಜಾತಿಯದೇ!

ಜ್ವಾಲೆಗೆ ಸಿಕ್ಕು ಸಾಯುವ ದನಗಳಿರುತ್ತವೆ. ಗೊರಸು ಬೆಂದು, ಕೆಚ್ಚಲು ಸುಟ್ಟು ನರಳುವವನ್ನು ಬಂದೂಕಿನಿಂದ ಮುಗಿಸುವುದು ಯಾರಿಗೂ ಬೇಡವಾದ ಕೆಲಸ. ಆದರೂ ನನಗೆ ತೋರುವಂತೆ ಬೆಂಕಿಯ ನಿಜವಾದ ಪೆಟ್ಟು ಬದುಕಿ ಉಳಿದ ದನಗಳ ಲೆಕ್ಕದಲ್ಲೇ ಕಾಣುವುದು.

ಈ ಬಯಲಲ್ಲಿ ನೀರು ಬರುವುದು ಕೊಳವೆಬಾವಿಯಿಂದ. ಅಲ್ಲಿಂದ ಕಪ್ಪು ಪ್ಲಾಸ್ಟಿಕ್ ಪೈಪು ಕಿಲೋಮೀಟರುಗಟ್ಟಲೆ ಹರಿದು ದನದ ಬಾನಿಗಳನ್ನು ತುಂಬುತ್ತದೆ. ಹುಲ್ಲಿನ ಬೆಂಕಿ ಒಂದು ಜಾಗದಲ್ಲಿ ನಿಲ್ಲುವುದು ಸ್ವಲ್ಪವೇ ಹೊತ್ತು. ಆದರೆ ನೆಲದ ಮೇಲೆ ಬಿದ್ದ ಪೈಪು ಕರಗಲು ಅಷ್ಟು ಸಾಕು. ಪೈಪು ಹೋದರೆ ಬಾನಿ ಬತ್ತುತ್ತದೆ. ನಲವತ್ತು ಡಿಗ್ರಿ ಬಿಸಿಲಲ್ಲಿ, ಬೆಂಕಿ ಮುಟ್ಟದ ದನಗಳೂ ಒಣ ಬಾನಿಯ ಸುತ್ತ ನಿಂತು ಬಾಯಾರುತ್ತವೆ. ಹಾಗಾಗಿ ಬೆಂಕಿ ಇನ್ನೂ ದೂರದಲ್ಲಿ ಹೊಗೆಯಾಡುತ್ತಿರುವಾಗಲೇ ಒಂದು ಗುಂಪು ಪೈಪು ಜೋಡಿಸಲು ಓಡಬೇಕು. ಬೇಲಿಯದು ನಿಧಾನವಾಗಿ ಬಯಲಾಗುವ ನಷ್ಟ. ತಂತಿ ನೋಡಲು ನೆಟ್ಟಗೇ ಇರುತ್ತದೆ. ಮೇಲಿನ ಸತುವಿನ ಲೇಪ ಹೋಗಿ ತುಕ್ಕು ಹಿಡಿದು, ಮುಂದೊಂದು ದಿನ ದನ ಒರಗಿದಾಗ ಪಟ್ಟನೆ ಹರಿಯುತ್ತದೆ.

ಮೇವಿನದು ಇನ್ನೂ ದೊಡ್ಡ ತಲೆನೋವು. ಮಳೆಗಾಲ ಶುರುವಾಗುವುದು ನವೆಂಬರ್ ಹೊತ್ತಿಗೆ, ಹುಲ್ಲು ಮೇಯುವಂತಾಗಲು ಅದಕ್ಕೂ ಹೆಚ್ಚು ಕಾಲ. ಅಲ್ಲಿಯವರೆಗೆ ಸಾವಿರಾರು ದನಕ್ಕೆ ಏನು ಹಾಕುವುದು? ದೂರದಿಂದ ಹುಲ್ಲು ತರಿಸಿದರೆ ಲಾರಿ ಬಾಡಿಗೆಯೇ ಹುಲ್ಲಿನ ಬೆಲೆ ಮೀರುತ್ತದೆ. ಯಾರದೋ ಜಮೀನಿನಲ್ಲಿ ಬಾಡಿಗೆಗೆ ಮೇಯಿಸೋಣವೆಂದರೆ ಅಲ್ಲಿಗೂ ಸಾಗಿಸಬೇಕು. ಕೊನೆಗೆ ಮಾರುವುದೊಂದೇ ದಾರಿ. ಎಲ್ಲರೂ ಒಟ್ಟಿಗೆ ಮಾರಲು ಹೊರಟರೆ ಬೆಲೆ ಏನಾಗುತ್ತದೆ ಎಂಬುದನ್ನು ನಮ್ಮ ಟೊಮೆಟೊ ಬೆಳೆಗಾರರಿಗೆ ಹೇಳಿಕೊಡಬೇಕಿಲ್ಲ. ನಿಂತ ಹುಲ್ಲಿಗೆ ಸಾಮಾನ್ಯವಾಗಿ ವಿಮೆಯೂ ಸಿಗುವುದಿಲ್ಲ.

ಹುಲ್ಲಿನಲ್ಲೂ ಹಲವು ಬಗೆ. ಬಾರ್ಕ್ಲಿಯ ಸ್ವಂತದ್ದಾದ ಮಿಚೆಲ್ ಹುಲ್ಲು ಬುಡ ಗಟ್ಟಿ ಇದ್ದರೆ ಒಂದು ಒಳ್ಳೆ ಮಳೆಗೆ ಚಿಗುರುತ್ತದೆ. ದನಕ್ಕಾಗಿಯೇ ಹೊರಗಿನಿಂದ ತಂದ ಹುಲ್ಲುಗಳದು ಬೇರೆ ಕಥೆ. ಆಫ್ರಿಕಾದ ಗಾಂಬಾ ಆಳೆತ್ತರ ಮೀರಿ ಬೆಳೆದು, ಅಲ್ಲಿನ ಹುಲ್ಲಿಗಿಂತ ಎಂಟು ಪಟ್ಟಿನವರೆಗೂ ತೀವ್ರವಾಗಿ ಉರಿಯಬಲ್ಲದು. 2008ರಲ್ಲಿ ಟೆರಿಟರಿ ಸರ್ಕಾರ ಅದನ್ನು ಕಳೆ ಎಂದು ಘೋಷಿಸಿತು. ಆಸ್ಟ್ರೇಲಿಯಾದ ನಡುನಾಡಿನ ಬಫೆಲ್ ಹುಲ್ಲು ನಮ್ಮ ಒಣಸೀಮೆಯ ಕಾವಲುಗಳಲ್ಲೂ ಬೆಳೆಸುವ ಅಂಜನ್ ಹುಲ್ಲೇ. ಇಲ್ಲಿ ಮೇವಿಗೆ ಸಿಕ್ಕರೆ ಸಾಕೆನ್ನುವಂಥದ್ದು, ಅಲ್ಲಿ ಹೊಳೆದಂಡೆಗಳ ಉದ್ದಕ್ಕೂ ಹಬ್ಬಿ, ಮೊದಲು ಬೆಂಕಿ ಹೋಗದಿದ್ದ ಕಡೆಗೂ ಅದನ್ನು ಒಯ್ಯುತ್ತಿದೆ. 2024ರಲ್ಲಿ ಬಫೆಲ್ ಹುಲ್ಲನ್ನೂ ಕಳೆ ಎಂದಾಗ ದನಗಾಹಿಗಳು ಸಿಟ್ಟಾದರು. ಅವರ ಸಿಟ್ಟಿಗೆ ಅರ್ಥವಿದೆ. ಹಲವರ ಮಂದೆ ನಿಂತಿರುವುದೇ ಅದರ ಮೇಲೆ.

ಮಳೆಗಾಲ ಮುಗಿದ ಕೂಡಲೇ, ಹುಲ್ಲು ಇನ್ನೂ ಅರೆಹಸಿರಿರುವಾಗ ಅಲ್ಲಲ್ಲಿ ತಂಪಾದ ಸಣ್ಣ ಬೆಂಕಿ ಹಚ್ಚಿ ನೆಲವನ್ನು ತುಂಡುತುಂಡಾಗಿ ಬೇರ್ಪಡಿಸುವುದು ಮೂಲನಿವಾಸಿಗಳ ಪುರಾತನ ವಿದ್ಯೆ. ಉತ್ತರದ ಆರ್ನೆಮ್ ಲ್ಯಾಂಡ್‌ನ ಪಶ್ಚಿಮ ಭಾಗದಲ್ಲಿ 2006ರಿಂದ ಅವರ ರೇಂಜರ್‌ಗಳು ಈ ಕೆಲಸಕ್ಕೆ ಹಣವನ್ನೂ ಪಡೆಯುತ್ತಿದ್ದಾರೆ. ವರ್ಷದ ಕೊನೆಯ ದೊಡ್ಡ ಬೆಂಕಿ ತಪ್ಪಿದರೆ ಗಾಳಿಗೆ ಸೇರುವ ಹಸಿರುಮನೆ ಅನಿಲಗಳೂ ತಗ್ಗುತ್ತವೆ ಎಂಬುದು ಅದರ ಹಿಂದಿನ ಲೆಕ್ಕ. ದನದ ಸ್ಟೇಷನ್‌ಗಳಲ್ಲಿ ಇದು ಅಷ್ಟು ಸಲೀಸಲ್ಲ. ಮೇ ತಿಂಗಳಲ್ಲಿ ಕಣ್ಣೆದುರಿಗಿರುವ ಮೇವನ್ನು ಕೈಯಾರೆ ಸುಡಬೇಕು. ಮುಂದಿನ ಮಳೆ ತಡವಾದರೆ ಅದೇ ಹುಲ್ಲಿಗೆ ಪರಿತಪಿಸಬೇಕು. ಸುಡದೆ ಬಿಟ್ಟವರ ಪಾಲಿಗೆ ಅಕ್ಟೋಬರಿನ ಒಂದು ಸಿಡಿಲು ಸಾಕು. ಮಳೆ ಬಿದ್ದರೆ ಹುಲ್ಲೇನೋ ಬರುತ್ತದೆ. ಆದರೆ ಅವಸರದಲ್ಲಿ ಮಾರಿಹೋದ ಗಬ್ಬದ ಹಸುಗಳ ಜಾಗಕ್ಕೆ ಕಡಸು ಬೆಳೆದು, ಬೆದೆಗೆ ಬಂದು, ಮೊದಲ ಕರು ಹಾಕುವ ಹೊತ್ತಿಗೆ ಮೂರು ವರ್ಷ ಹಿಡಿಯುತ್ತದೆ. ಬ್ಯಾಂಕಿನ ಕಂತು ಅಲ್ಲಿಯವರೆಗೆ ಕಾಯುವುದಿಲ್ಲ.